ಹಿರಿಯರನ್ನೂ ಹುಡುಗರನ್ನೂ ಒಂದೇ ಜಗಲಿಗೆ ತರಬೇಕಾ? ನಮ್ಮ ಶಿರಸಿ-ಕಾರವಾರ ಕಡೆಗೆ ಯಾವ ಕಾರ್ಯಕ್ರಮ ಒಗ್ಗುತ್ತದೆ

ನಮ್ಮ ಕಡೆ ಯಾವ ಊರಿಗೆ ಹೋದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ದೊಡ್ಡ ಮನೆ, ಉದ್ದದ ಜಗಲಿ, ಜಗಲಿಯಲ್ಲಿ ಇಬ್ಬರು ಹಿರಿಯರು. ಮಕ್ಕಳು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಇದ್ದಾರೆ. ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದು ಹದಿನೈದು ದಿನ ಇದ್ದು ಹೋಗುತ್ತಾರೆ. ಅದೇ ಊರಿನಲ್ಲಿ, ಎರಡು ಮನೆ ಆಚೆ, ಒಬ್ಬ ಪಿಯುಸಿ ಹುಡುಗ ಸಂಜೆ ಬಸ್ಸಿಳಿದು ನೆಟ್‌ವರ್ಕ್ ಸಿಗುವ ಗುಡ್ಡದ ತುದಿಗೆ ಹೋಗಿ ಒಬ್ಬನೇ ಕೂತಿರುತ್ತಾನೆ. ದಿನಾ ಒಬ್ಬರನ್ನೊಬ್ಬರು ನೋಡುತ್ತಾರೆ, ಮಾತಾಡುವುದಿಲ್ಲ. ದ್ವೇಷ ಏನೂ ಇಲ್ಲ. ಮಾತಾಡಲು ಒಂದು ನೆಪ ಇಲ್ಲ, ಅಷ್ಟೇ.

ಆ ನೆಪ ಹುಟ್ಟಿಸುವುದಕ್ಕೇ ಇಂಥ ಕಾರ್ಯಕ್ರಮಗಳು ಬೇಕು. ಘಟ್ಟದ ಮೇಲಿನ ನಮ್ಮ ಊರಿನಲ್ಲಿ ನಾವು ಐದಾರು ಜನ ಸೇರಿ ನಾಲ್ಕು ವರ್ಷದಿಂದ ಒಂದಲ್ಲ ಒಂದು ಪ್ರಯತ್ನ ಮಾಡುತ್ತಾ ಬಂದಿದ್ದೇವೆ. ಕೆಲವು ನಿಂತವು, ಕೆಲವು ಒಂದೇ ತಿಂಗಳಿಗೆ ಮುಗಿದವು. ಈಗ ಕುಮಟಾ, ಅಂಕೋಲಾ, ಸಿದ್ದಾಪುರ ಕಡೆಯ ಸ್ನೇಹಿತರು "ನಮ್ಮಲ್ಲೂ ಏನಾದರೂ ಶುರು ಮಾಡಬೇಕು, ಯಾವುದು ಒಳ್ಳೆಯದು?" ಅಂತ ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಮೂರು ಪ್ರಶ್ನೆ

ಯಾವ ಕಾರ್ಯಕ್ರಮ ಆರಿಸುವ ಮೊದಲೂ ಈ ಮೂರು ಕೇಳಿಕೊಳ್ಳಿ. ಒಂದು, ಇದರಲ್ಲಿ ಹಿರಿಯರು ಏನಾದರೂ ಕೊಡುತ್ತಾರಾ, ಅಥವಾ ಸುಮ್ನೆ ಕೂತು ತಗೊಳ್ಳುವುದು ಮಾತ್ರವಾ? ಎರಡು, ಅದೇ ಅಜ್ಜನ ಹತ್ತಿರ ಅದೇ ಹುಡುಗ ಮತ್ತೆ ಬರುತ್ತಾನಾ? ಮೂರು, ಜೂನ್ ತಿಂಗಳ ಮಳೆಯಲ್ಲಿ ಇದು ನಡೆಯುತ್ತದಾ?

ಮೂರನೆಯದನ್ನು ಹೊರಗಿನವರು ಕೇಳುವುದಿಲ್ಲ, ನಮಗೆ ಅದೇ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬೀಳುವ ಮಳೆಗೆ ಎಪ್ಪತ್ತು ದಾಟಿದವರನ್ನು ಕತ್ತಲಾದ ಮೇಲೆ ಹಳ್ಳದ ಮೇಲಿನ ಕಾಲುಸಂಕ ದಾಟಿಸಿ ಕರೆತರಲು ಆಗುವುದಿಲ್ಲ. ಎಷ್ಟೋ ಸಲ ಶಾಲೆಗೇ ರಜೆ ಕೊಡುತ್ತಾರೆ. ಹಾಗಾಗಿ ವರ್ಷಪೂರ್ತಿ ಒಂದೇ ಕಾರ್ಯಕ್ರಮ ಅಂತ ಹಟ ಹಿಡಿದರೆ ಆಗಸ್ಟ್‌ಗೆ ಅದು ನಿಲ್ಲುತ್ತದೆ, ನಿಂತದ್ದು ಮತ್ತೆ ಶುರುವಾಗುವುದು ಕಷ್ಟ. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಅಂತ ಮೊದಲೇ ಯೋಚಿಸಿ.

ಇನ್ನೊಂದು ವಿಷಯ. ಇದೆಲ್ಲ ಸುಮ್ನೆ ಒಳ್ಳೆಯ ಮನಸ್ಸಿನ ಕೆಲಸ ಅಂತ ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಯಸ್ಸಿನ ತಾರತಮ್ಯದ ಬಗ್ಗೆ ಒಂದು ವರದಿ ತಂದಿತು. ವಯಸ್ಸು ನೋಡಿ ಜನರನ್ನು ಕೀಳಾಗಿ ಕಾಣುವುದನ್ನು ಕಡಿಮೆ ಮಾಡಲು ಅದರಲ್ಲಿ ಮೂರು ದಾರಿ ಹೇಳಿದೆ: ಕಾನೂನು, ಶಿಕ್ಷಣ, ಮತ್ತು ಎರಡು ತಲೆಮಾರು ನೇರವಾಗಿ ಒಡನಾಡುವುದು. ಮೊದಲೆರಡು ಸರ್ಕಾರ ಮಾಡಬೇಕಾದ ಕೆಲಸ. ಮೂರನೆಯದನ್ನು ನಮ್ಮ ಊರಿನಲ್ಲಿ ನಾವೇ ಮಾಡಬಹುದು.

ಒಂದು ದಿನದ ಆಶ್ರಮ ಭೇಟಿ

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಅಕ್ಟೋಬರ್ 1, ಹಿರಿಯ ನಾಗರಿಕರ ದಿನ. ಬಸ್ಸು ಮಾಡಿಕೊಂಡು ವೃದ್ಧಾಶ್ರಮಕ್ಕೆ ಹೋಗುವುದು, ಹಣ್ಣು ಹಂಚುವುದು, ಶಾಲು ಹೊದಿಸುವುದು, ಎರಡು ಹಾಡು, ಒಂದು ಗುಂಪು ಫೋಟೋ.

ನನಗೆ ಇದು ಇಷ್ಟ ಇಲ್ಲ. ಕಾರಣ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಾಲೇಜಿನ ಹುಡುಗರ ಜೊತೆ ನಾನೂ ಹೋಗಿದ್ದೆ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಹತ್ತು ದಿನ ಬಿಟ್ಟು ಬೇರೆ ಕೆಲಸಕ್ಕೆ ಅಲ್ಲಿಗೆ ಹೋದಾಗ ಒಬ್ಬ ಅಜ್ಜ ನನ್ನನ್ನು ಗುರುತು ಹಿಡಿದು ಹತ್ತಿರ ಕರೆದರು. "ಆ ಕನ್ನಡಕದ ಹುಡುಗ ಮತ್ತೆ ಬರ್ತೆ ಅಂದಿದ್ದ. ನಿಮ್ಮ ಸಂಗಡ ಬರಲಿಲ್ವಾ?" ಅಂತ ಕೇಳಿದರು. ಹುಡುಗ ಅದನ್ನು ಮಾತಿಗೆ ಅಂದಿದ್ದ. ಅಜ್ಜ ಹತ್ತು ದಿನ ಬಾಗಿಲು ನೋಡಿದ್ದರು. ಆ ಹುಡುಗನ ತಪ್ಪು ಏನೂ ಇಲ್ಲ. ಮತ್ತೆ ಬರುವುದಕ್ಕೆ ನಾವು ದಾರಿಯೇ ಮಾಡಿಕೊಟ್ಟಿರಲಿಲ್ಲ.

ಕಾಲೇಜಿನವರಿಗೆ ಒಂದು ಮಾತು. ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, 1969ರಿಂದ ನಡೆಯುತ್ತಿದೆ. ಅದರಲ್ಲಿ ಒಬ್ಬ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಒಂದು ದಿನದ ಭೇಟಿಗೆ ಐದು ಗಂಟೆ ಕಳೆಯುವ ಬದಲು ಅದೇ ಗಂಟೆಗಳನ್ನು ವಾರಕ್ಕೆ ಒಂದರಂತೆ ಹಂಚಿ, ಒಬ್ಬ ಹುಡುಗನಿಗೆ ಒಬ್ಬರೇ ಹಿರಿಯರು ಅಂತ ಗೊತ್ತು ಮಾಡಿ. ಖರ್ಚು ಅಷ್ಟೇ. ಬಸ್ಸು, ಶಾಲು ಎರಡೂ ಬೇಡ.

ಮೊಬೈಲ್ ಕಲಿಸುವ ಗುಂಪು

ಶುರು ಮಾಡಲು ಇದರಷ್ಟು ಸುಲಭದ್ದು ಬೇರೆ ಇಲ್ಲ. ಹುಡುಗರಿಗೆ ಗೊತ್ತಿದೆ, ಹಿರಿಯರಿಗೆ ಬೇಕಾಗಿದೆ, ಪ್ರತ್ಯೇಕ ಸಾಮಾನು ಬೇಡ. ಪಂಚಾಯ್ತಿ ಗ್ರಂಥಾಲಯದಲ್ಲಿ, ಅಂದರೆ ಈಗ ಅರಿವು ಕೇಂದ್ರ ಅಂತ ಬೋರ್ಡು ಬಿದ್ದಿದೆಯಲ್ಲ ಅಲ್ಲಿ, ಭಾನುವಾರ ಎರಡು ಗಂಟೆ ಸಿಕ್ಕರೆ ಸಾಕು.

ಆದರೆ ಬಹಳ ಜನ ಇದನ್ನು ತಪ್ಪಾಗಿ ಮಾಡುತ್ತಾರೆ. ನಮ್ಮ ಮೊದಲ ವಾರದ ಕಥೆ ಕೇಳಿ. ಒಬ್ಬ ಅಮ್ಮಮ್ಮ, ಎಪ್ಪತ್ತೆರಡು ವರ್ಷ, ಮಗಳು ಕೊಡಿಸಿದ ಹೊಸ ಫೋನು. ಜೀವಮಾನವೆಲ್ಲ ಅಡಿಕೆ ಸುಲಿದ ಬೆರಳು, ತುದಿ ಗಟ್ಟಿಯಾಗಿ ಗೆರೆಯೇ ಸವೆದಿದೆ. ಮುಟ್ಟಿದರೆ ಫೋನಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಅವರು ಜೋರಾಗಿ ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಪರದೆ ಮೇಲಿನದ್ದೆಲ್ಲ ಅಲ್ಲಾಡಲು ಶುರು, ಅದನ್ನು ನೋಡಿ ಅವರಿಗೆ ಗಾಬರಿ. ಕಲಿಸಲು ಕೂತಿದ್ದ ಹುಡುಗ ಎರಡು ನಿಮಿಷ ತಾಳ್ಮೆಯಿಂದ ನೋಡಿ, "ಕೊಡಿ ಅಜ್ಜಿ, ನಾನೇ ಮಾಡ್ತೇನೆ" ಅಂತ ಫೋನು ಕಿತ್ತುಕೊಂಡು ಟಕಟಕ ಅಂತ ಫೋಟೋ ಕಳಿಸಿಬಿಟ್ಟ. ಕೆಲಸ ಆಯಿತು, ಕಲಿತದ್ದು ಏನೂ ಇಲ್ಲ. ಮುಂದಿನ ವಾರ ಅದೇ ಅಮ್ಮಮ್ಮ ಬಂದು, ಅವನು ಕೈಚಾಚುವ ಮೊದಲೇ, "ಮಾಣಿ, ಯಂಗೇ ಕೊಡು, ಆನೇ ಒತ್ತತಿ" ಅಂದರು, ಅಂದರೆ ನನಗೇ ಕೊಡು, ನಾನೇ ಒತ್ತುತ್ತೇನೆ ಅಂತ. ಅವತ್ತಿನಿಂದ ನಮ್ಮಲ್ಲಿ ಒಂದೇ ನಿಯಮ: ಫೋನು ಹಿರಿಯರ ಕೈಯಲ್ಲೇ ಇರಬೇಕು, ಕಲಿಸುವವರ ಕೈ ಬೆನ್ನ ಹಿಂದೆ ಇರಬೇಕು. ಬೆರಳ ತುದಿಯ ಬದಲು ಸ್ವಲ್ಪ ಕೆಳಗಿನ ಮೆತ್ತನೆಯ ಭಾಗದಿಂದ ಮುಟ್ಟಿದರೆ ಕೆಲಸ ಮಾಡುತ್ತದೆ ಅಂತ ಆಮೇಲೆ ಆ ಹುಡುಗನೇ ಕಂಡುಹಿಡಿದ.

ಈಗ ಅವರು ಮಗಳಿಗೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತಾರೆ. ತೋಟದ ಆಚೆ ಬದಿಯವರಿಗೆ ಕೂಗಿದ ಹಾಗೆ ಇರುತ್ತದೆ ಆ ಧ್ವನಿ. ಅದನ್ನು ಆಫೀಸಿನಲ್ಲಿ ಎಲ್ಲರೆದುರು ಕೇಳಿ ಅತ್ತುಬಿಟ್ಟೆ ಅಂತ ಮಗಳು ಹೇಳಿದ್ದಳು.

ಏನು ಕಲಿಸಬೇಕು ಅನ್ನುವುದನ್ನು ಹಿರಿಯರೇ ಹೇಳಲಿ. ನವೆಂಬರ್ ಬಂದರೆ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ಶುರುವಾದ ಜೀವನ್ ಪ್ರಮಾಣ್‌ನಿಂದ ಅದು ಡಿಜಿಟಲ್ ಆಗಿದೆ, ಈಗ ಫೋನಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಬೆರಳಚ್ಚು ಬೀಳದ ನಮ್ಮ ಅಡಿಕೆ ಬೆರಳುಗಳಿಗೆ ಇದು ಎಷ್ಟು ಉಪಕಾರ ಅಂತ ಬೇರೆ ಹೇಳಬೇಕಾಗಿಲ್ಲ. ಶುರು ಮಾಡುವುದಾದರೆ ಅಕ್ಟೋಬರ್ ಕೊನೆಯಲ್ಲೇ ಮಾಡಿ, ಕರೆಯದೆಯೇ ಜನ ಬರುತ್ತಾರೆ.

ವಂಚನೆಯ ಬಗ್ಗೆಯೂ ಹೇಳಿಕೊಡಲೇಬೇಕು. ಪೊಲೀಸ್ ಅಂತ ಹೇಳಿಕೊಂಡು ವಿಡಿಯೋ ಕರೆ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸುವವರಿಗೆ ಒಂಟಿ ಹಿರಿಯರೇ ಬೇಕು. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಅಂಕೋಲೆಯವರಿಗೆ ಈ ನಂಬರ್ ನೆನಪಿಡುವುದು ಕಷ್ಟ ಇಲ್ಲ, ಅಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷವೂ ಅದೇ. ನಾವು ಹಾಗೆ ಹೇಳಿಯೇ ಕಲಿಸುತ್ತೇವೆ, ಒಮ್ಮೆ ಹೇಳಿದರೆ ಸಾಕು, ಯಾರೂ ಮರೆಯುವುದಿಲ್ಲ. ಹಿರಿಯರ ಸಹಾಯವಾಣಿ 14567 ಅನ್ನು ಫೋನಿನಲ್ಲಿ ಸೇವ್ ಮಾಡಿಕೊಡಿ. ಹುಡುಗರಿಗೆ ಮೊದಲ ದಿನವೇ ಗಟ್ಟಿಯಾಗಿ ಹೇಳಿ: ಯಾರ ಪಿನ್ನೂ ಕೇಳಬಾರದು, ಅವರು ತಾವಾಗಿ ಹೇಳಿದರೂ ಬರೆದುಕೊಳ್ಳಬಾರದು. ನಾಳೆ ಲೆಕ್ಕದಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆ ಆದರೂ ಅನುಮಾನ ಮಕ್ಕಳ ಮೇಲೆ ಬರುತ್ತದೆ.

ಕೊರತೆ? ಮೊದಲ ಪ್ರಶ್ನೆಗೆ ಇದು ಪೂರ್ತಿ ಪಾಸಾಗುವುದಿಲ್ಲ. ಕೊಡುವವರು ಹುಡುಗರು, ತಗೊಳ್ಳುವವರು ಹಿರಿಯರು. ಎರಡು ಮೂರು ತಿಂಗಳಿಗೆ ಬೇಕಾದದ್ದೆಲ್ಲ ಕಲಿತಾದ ಮೇಲೆ ಬರುವುದು ನಿಲ್ಲುತ್ತದೆ. ಹಾಗಾಗಿ ಇದನ್ನು ಬಾಗಿಲು ಅಂತ ತಿಳಿಯಿರಿ. ಒಳಗೆ ಬಂದವರನ್ನು ಮುಂದಿನ ಕೆಲಸಕ್ಕೆ ಕರೆದುಕೊಂಡು ಹೋಗಬೇಕು.

ಶಾಲೆಗೆ ಅಜ್ಜ-ಅಜ್ಜಿ

ಇದು ಉಲ್ಟಾ. ಹಿರಿಯರು ಶಾಲೆಗೆ ಹೋಗಿ ಮಕ್ಕಳ ಜೊತೆ ಓದುವುದು, ಕಥೆ ಹೇಳುವುದು, ಮಗ್ಗಿ ಒಪ್ಪಿಸಿಕೊಳ್ಳುವುದು. ಅಮೆರಿಕದಲ್ಲಿ 1996ರಲ್ಲಿ ಎಕ್ಸ್‌ಪೀರಿಯನ್ಸ್ ಕೋರ್ ಅಂತ ಒಂದು ಶುರುವಾಯಿತು. ಪ್ರಾಥಮಿಕ ಶಾಲೆಯಲ್ಲಿ ಓದು ಹಿಂದಿರುವ ಮಕ್ಕಳಿಗೆ ಹಿರಿಯರು ಓದಿಸುವುದು ಅದರ ಕೆಲಸ. ಬಾಲ್ಟಿಮೋರ್‌ನಲ್ಲಿ ಅವರು ವಾರಕ್ಕೆ 15 ಗಂಟೆ ಶಾಲೆಯಲ್ಲಿ ಇರುತ್ತಿದ್ದರು. ನಮ್ಮಲ್ಲಿ ಅಷ್ಟು ಆಗದು. ವಾರಕ್ಕೆ ಎರಡು ಗಂಟೆ ಆದರೂ ಸಾಕು, ಆದರೆ ಪ್ರತಿ ವಾರ ಆಗಬೇಕು. ಶನಿವಾರ ಬೆಳಗಿನ ಶಾಲೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಘಟ್ಟದ ಮೇಲಿನ ಎಷ್ಟೋ ಕನ್ನಡ ಶಾಲೆಗಳಲ್ಲಿ ಹತ್ತಿಪ್ಪತ್ತು ಮಕ್ಕಳು, ಒಬ್ಬರೋ ಇಬ್ಬರೋ ಅಕ್ಕೋರು, ಅಂದರೆ ಟೀಚರು. ಒಂದರಿಂದ ಐದನೇ ಕ್ಲಾಸು ಒಂದೇ ಕೋಣೆಯಲ್ಲಿ. ಅಂಥಲ್ಲಿ ನಿವೃತ್ತ ಮಾಸ್ತರೊಬ್ಬರು ಬಂದು ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಓದಿಸಿದರೆ ಅಕ್ಕೋರಿಗೆ ನಿಜವಾಗಲೂ ಕೈ ಹಗುರಾಗುತ್ತದೆ. ಹಾಗಂತ ನಿವೃತ್ತ ಮಾಸ್ತರರೇ ಬೇಕು ಅಂತ ಇಲ್ಲ. ನಮ್ಮಲ್ಲಿ ಮಕ್ಕಳಿಗೆ ಬಹಳ ಇಷ್ಟವಾದವರು ಓದು ಬರೆಹ ಬಾರದ ಒಬ್ಬ ಅಜ್ಜಿ. ಅವರು ಒಗಟು ಹೇಳುತ್ತಾರೆ. ಉತ್ತರ ಗೊತ್ತಾಗದಿದ್ದರೆ ಮುಂದಿನ ವಾರದವರೆಗೆ ಕಾಯಿಸುತ್ತಾರೆ. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನ ತಲೆ ತಿನ್ನುತ್ತಾರೆ. ಹೀಗೆ ಮಧ್ಯದ ತಲೆಮಾರೂ ಒಳಗೆ ಬರುತ್ತದೆ.

ಇದಕ್ಕೆ ಬೇಕಾದದ್ದು ಹೆಡ್‌ಮಾಸ್ತರ ಒಪ್ಪಿಗೆ ಮತ್ತು ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಮಾತು. ದುಡ್ಡು ಬೇಡ. ಬೇಕಾದದ್ದು ಒಬ್ಬ ರಿಕ್ಷಾದವ. ಒಂದೂವರೆ ಮೈಲಿ ಏರು ಹತ್ತಿ ಬರಲು ಹಿರಿಯರಿಗೆ ಆಗುವುದಿಲ್ಲ, ಕರೆತಂದು ಬಿಡುವವರು ಗೊತ್ತಿದ್ದರೆ ಮಾತ್ರ ಮೂರನೇ ವಾರವೂ ಬರುತ್ತಾರೆ. ನಮ್ಮಲ್ಲಿ ಎರಡು ಸಲ ನಿಂತಿದ್ದು ಇದೇ ಕಾರಣಕ್ಕೆ.

ಅಂಗನವಾಡಿಯಲ್ಲಿಯೂ ಮಾಡಬಹುದು. ಟೋಕಿಯೋದಲ್ಲಿ ಕೋತೋಎನ್ ಅಂತ ಇದೆ, ಅಲ್ಲಿ ಶಿಶುವಿಹಾರ ಮತ್ತು ಹಿರಿಯರ ಮನೆ ಒಂದೇ ಸೂರಿನಡಿ ಇವೆ. ಬೆಳಿಗ್ಗೆ ಮಕ್ಕಳೂ ಹಿರಿಯರೂ ಒಟ್ಟಿಗೆ ಕೈಕಾಲು ಆಡಿಸುತ್ತಾರೆ. ನಮ್ಮಲ್ಲಿ ಅಂಗನವಾಡಿ ಎಷ್ಟೋ ಕಡೆ ಊರ ಮಧ್ಯವೇ ಇರುತ್ತದೆ, ಅಲ್ವಾ? ನಡೆಯಲು ಕಷ್ಟ ಇರುವವರಿಗೆ ಶಾಲೆಗಿಂತ ಅದೇ ಹತ್ತಿರ.

ತಾಳಮದ್ದಳೆ, ಯಕ್ಷಗಾನ, ಹಾಡು

ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು ಇದು.

ಯಕ್ಷಗಾನ ನಮ್ಮ ಜಿಲ್ಲೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಹಾದುಬಂದ ವಿದ್ಯೆ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ಮಗ ಶಂಭು ಹೆಗಡೆಯವರು ಬೆಳೆಸಿದರು, ಈಗ ಮೊಮ್ಮಗ ನಡೆಸುತ್ತಿದ್ದಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದರು, ಎಂಬತ್ತರ ಹತ್ತಿರದಲ್ಲೂ ಗೆಜ್ಜೆ ಕಟ್ಟಿ ಕುಣಿದರು. ಅವರ ಜೊತೆ ಅದೇ ರಂಗದಲ್ಲಿ ಇಪ್ಪತ್ತರ ಹುಡುಗರೂ ಇರುತ್ತಿದ್ದರು. ಎರಡು ತಲೆಮಾರನ್ನು ಬೆರೆಸಲು ನಾವು ಹೊಸದಾಗಿ ಏನೋ ಕಂಡುಹಿಡಿಯಬೇಕಾಗಿಲ್ಲ, ಇರುವುದಕ್ಕೆ ಹುಡುಗರನ್ನು ಕರೆದು ಕೂರಿಸಿದರೆ ಸಾಕು.

ವೇಷ ಕಟ್ಟುವ ಯಕ್ಷಗಾನಕ್ಕಿಂತ ತಾಳಮದ್ದಳೆಯನ್ನು ನಾನು ಮೊದಲು ಹೇಳುತ್ತೇನೆ. ವೇಷ ಬೇಡ, ರಂಗ ಬೇಡ, ಕುಣಿತ ಬೇಡ. ಮೊಣಕಾಲು ನೋವಿನ ಅಜ್ಜನೂ ಕುರ್ಚಿಯಲ್ಲಿ ಕೂತು ಅರ್ಥ ಹೇಳಬಹುದು, ಅಂದರೆ ಹಾಡಿದ ಪದ್ಯಕ್ಕೆ ಪಾತ್ರವಾಗಿ ಮಾತು ಕಟ್ಟಬಹುದು. ಹಾಡಲು ಒಬ್ಬರು ಭಾಗವತರು, ಒಂದು ಮದ್ದಳೆ, ಯಾರದ್ದಾದರೂ ಜಗಲಿ. ಮೇಳಗಳ ತಿರುಗಾಟ ನಿಲ್ಲುವ ಮಳೆಗಾಲವೇ ತಾಳಮದ್ದಳೆಯ ಕಾಲ, ಹಾಗಾಗಿ ಮೂರನೇ ಪ್ರಶ್ನೆಗೆ ಇದು ಪಾಸು.

ಸಂಧಾನದ ಪ್ರಸಂಗ ತಗೊಳ್ಳಿ. ಎಂಬತ್ತು ವರ್ಷದ ಅಜ್ಜ ಕೌರವ, ಹದಿನಾರರ ಹುಡುಗಿ ಕೃಷ್ಣ. ಊರಲ್ಲಿ ಅವಳು ಆ ಅಜ್ಜನ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಇಲ್ಲಿ ಎದುರು ಕೂತು ವಾದ ಮಾಡಬೇಕು, ಅವರು ಹಾಕಿದ ಪ್ರಶ್ನೆಗೆ ಆ ಕ್ಷಣವೇ ಉತ್ತರ ಹುಡುಕಬೇಕು. ನಮ್ಮಲ್ಲಿ ಹಾಗೇ ಆಯಿತು. ಅಜ್ಜ ಬೇಕಂತಲೇ ಒಂದು ಗಂಟು ಹಾಕಿದರು: "ಐದು ಗ್ರಾಮ ಕೇಳಲು ಬಂದವನು ನೀನು, ನಿನಗೇ ಸ್ವಂತ ರಾಜ್ಯ ಇಲ್ಲವಲ್ಲ?" ಹುಡುಗಿ ಒಂದು ಗಳಿಗೆ ಸುಮ್ಮನಾದಳು. ಆಮೇಲೆ, "ಇಲ್ಲದವನಿಗೇ ಅಲ್ವಾ ಇಲ್ಲದವರ ಕಷ್ಟ ಗೊತ್ತಾಗುವುದು" ಅಂದಳು. ಅಜ್ಜ ಅರ್ಥ ಮುಂದುವರಿಸುವುದನ್ನು ಬಿಟ್ಟು "ಭೇಷ್" ಅಂದುಬಿಟ್ಟರು. ಕೌರವ ಕೃಷ್ಣನಿಗೆ ಭೇಷ್ ಅನ್ನುವುದು ಪ್ರಸಂಗದಲ್ಲಿ ಎಲ್ಲಿದೆ ಹೇಳಿ.

ಕೊರತೆ ಇದೆ. ಇದು ಎಲ್ಲರಿಗೂ ಅಲ್ಲ. ಕಥೆ ಗೊತ್ತಿಲ್ಲದ ಹುಡುಗರಿಗೆ ಮೊದಲ ತಿಂಗಳು ಏನೂ ತಿಳಿಯುವುದಿಲ್ಲ, ಬಿಟ್ಟುಹೋಗುತ್ತಾರೆ. ಕಲಿಸುವ ಒಬ್ಬ ಒಳ್ಳೆಯ ಅರ್ಥಧಾರಿ ಇಲ್ಲದಿದ್ದರೆ ಮುಂದೆ ಸಾಗುವುದಿಲ್ಲ. ಅರ್ಥ ಹೇಳುವ ಹೆಂಗಸರು ಕಡಿಮೆ, ಆದ್ದರಿಂದ ಅಜ್ಜಿಯರು ಬರೀ ಕೇಳುವವರಾಗಿ ಉಳಿಯುತ್ತಾರೆ.

ಅಜ್ಜಿಯರಿಗೆ ಹಾಡು ಸರಿ. ಕರಾವಳಿಯ ಹಾಲಕ್ಕಿ ಒಕ್ಕಲು ಸಮುದಾಯದ ಕೇರಿಗಳಲ್ಲಿ, ಮದುವೆಗೆ ಹಾಡುವ ಅಜ್ಜಿಯರು ಇರುವ ಎಲ್ಲ ಊರುಗಳಲ್ಲಿ, ಮೊದಲು ಇದನ್ನೇ ಯೋಚಿಸಿ. ಅಂಕೋಲಾದ ಸುಕ್ರಿ ಬೊಮ್ಮಗೌಡ ಅವರು ಶಾಲೆ ಕಲಿತವರಲ್ಲ, ಸಾವಿರಾರು ಸಾಲು ಹಾಡು ಬಾಯಲ್ಲೇ ಇಟ್ಟುಕೊಂಡಿದ್ದರು, 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಹೋದರು. ಅದಕ್ಕೆ ಎರಡು ತಿಂಗಳ ಮೊದಲು, 2024ರ ಡಿಸೆಂಬರ್‌ನಲ್ಲಿ, ಅದೇ ತಾಲೂಕಿನ ತುಳಸಿ ಗೌಡ ಅವರು ಹೋದರು, ಯಾವ ಮರದ ಬೀಜ ಯಾವಾಗ ಆರಿಸಬೇಕು ಅಂತ ಕಾಡಿನಲ್ಲಿ ನಿಂತು ಹೇಳುತ್ತಿದ್ದವರು. ಒಂದೇ ಚಳಿಗಾಲದಲ್ಲಿ ಇಬ್ಬರು. ಈ ಕೆಲಸವನ್ನು ಬರುವ ವರ್ಷಕ್ಕೆ ಮುಂದೂಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಕೈಕೆಲಸ: ತೊಡೆದೇವು, ಬಲೆ, ಕಸಿ

ಮಾತು ಬಾರದವರಿಗೆ, ನಾಚಿಕೆಯವರಿಗೆ, ಇದಕ್ಕಿಂತ ಒಳ್ಳೆಯದಿಲ್ಲ. ಕೈಗೆ ಕೆಲಸ ಇದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ.

ಶಿರಸಿ ಕಡೆ ಕಬ್ಬು ಅರೆಯುವ ಆಲೆಮನೆ ದಿನಗಳಲ್ಲಿ ತೊಡೆದೇವು ಅನ್ನುವ ತೆಳ್ಳನೆಯ ಸಿಹಿತಿಂಡಿ ಮಾಡಿ ನೋಡಿ. ಒಲೆಯ ಮೇಲೆ ಮಣ್ಣಿನ ಮಡಕೆ ಬೋರಲು. ಕಬ್ಬಿನ ಹಾಲು ಹಾಕಿದ ಅಕ್ಕಿ ಹಿಟ್ಟು, ನೀರಿನಷ್ಟು ತೆಳ್ಳಗೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ, ಕಾದ ಮಡಕೆಯ ಮೇಲೆ ಒಂದೇ ಸಲ ಎಳೆಯಬೇಕು. ಎರಡನೇ ಸಲ ಎಳೆದರೆ ದಪ್ಪ, ನಿಧಾನ ಮಾಡಿದರೆ ಹರಿಯುತ್ತದೆ. ನಮ್ಮ ಬಿಎಸ್ಸಿ ಹುಡುಗಿ ಹತ್ತು ಸಲ ಎಳೆದಳು, ಹತ್ತೂ ಹರಿಯಿತು. ಅಜ್ಜಿ ಏನೂ ಹೇಳದೆ ಅವಳ ಮುಂಗೈ ಹಿಡಿದು ಒಂದು ಸಲ ಎಳೆದು ತೋರಿಸಿದರು. ಹನ್ನೊಂದನೆಯದು ಕಾಗದದ ಹಾಗೆ ಎದ್ದು ಬಂತು, ಅದನ್ನು ಬಿಸಿ ಇರುವಾಗಲೇ ಮೂಲೆಗೆ ಮೂಲೆ ಸೇರಿಸಿ ಮಡಚಿದರು. ಫೋನಿನಲ್ಲಿ ವಿಡಿಯೋ ನೋಡಿ ಕಲಿಯಲು ಆಗದ್ದು ಇದು, ಮುಂಗೈ ಹಿಡಿಯುವವರು ಬೇಕು. ಅಪ್ಪೆಮಿಡಿ ಉಪ್ಪಿಗೆ ಹಾಕುವುದೂ ಹಾಗೇ, ಕಣ್ಣಳತೆ ಕಲಿಯಲು ಪಕ್ಕದಲ್ಲೇ ಕೂರಬೇಕು.

ಚಳಿಗಾಲದ ರಾತ್ರಿ ಅಡಿಕೆ ಸುಲಿಯುವ ಮನೆಗಳಲ್ಲಿ ಈಗಲೂ ಕಾಲಲ್ಲಿ ಮೆಟ್ಟಿಕೊಳ್ಳುವ ಮೆಟ್ಟುಗತ್ತಿ ಸಾಲಾಗಿ ಇಟ್ಟುಕೊಂಡು ಕೂರುತ್ತಾರೆ. ಹುಡುಗರು ಕಲಿಯಲು ಬಂದರೆ ಕೂಲಿಯೂ ಸಿಗುತ್ತದೆ, ಕಥೆಯೂ ಸಿಗುತ್ತದೆ. ಕತ್ತಿ ಇರುವ ಕೆಲಸ, ಚಿಕ್ಕ ಮಕ್ಕಳನ್ನು ಮಾತ್ರ ಕೂರಿಸಬೇಡಿ.

ಕಾರವಾರ, ಬೇಲೆಕೇರಿ, ತದಡಿ ಕಡೆ ಕಾಲ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೋಣಿ ದಡದಲ್ಲಿ, ಹರಿದ ಬಲೆ ಶೆಡ್ಡಿನಲ್ಲಿ. ಹಿರಿಯರು ಬಲೆ ಸೂಜಿ ಹಿಡಿದು ಹೆಣೆಯುತ್ತಾ ಕೂರುವ ಕಾಲ ಅದು, ಹುಡುಗರಿಗೂ ಸಮುದ್ರದ ಕೆಲಸ ಇಲ್ಲ. ಶೆಡ್ಡಿಗೆ ಮಾಡು ಇದ್ದರೆ ಮಳೆಯ ಚಿಂತೆಯೂ ಇಲ್ಲ. ಹಳೆಯ ರಂಪಣಿ ಕಾಲದಲ್ಲಿ ಊರಿಗೆ ಊರೇ ನಿಂತು ಬಲೆ ಎಳೆಯುತ್ತಿದ್ದ ಕಥೆ ಅಲ್ಲೇ ಬರುತ್ತದೆ, ಕೇಳಲು ಬೇರೆ ಸಭೆ ಬೇಡ. ಆ ಕಡೆ ಮನೆಮಾತು ಕೊಂಕಣಿ, ಕಾರ್ಯಕ್ರಮವೂ ಕೊಂಕಣಿಯಲ್ಲೇ ನಡೆಯಲಿ. ಕನ್ನಡದಲ್ಲಿ ಭಾಷಣ ಮಾಡಲು ಹೋದರೆ ಹಿರಿಯರು ಬಾಯಿ ಮುಚ್ಚುತ್ತಾರೆ.

ಅಂಕೋಲಾದಲ್ಲಿ ಇಶಾಡು ಮಾವಿನ ಕಸಿ ಇದೆ. ಅದರ ಕರಿ ಇಶಾಡು ತಳಿಗೆ 2023ರಲ್ಲಿ ಜಿಐ, ಅಂದರೆ ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿತು, ಆದರೆ ಮರ ಕಡಿಮೆಯಾಗುತ್ತಿವೆ, ಕಸಿ ಕಟ್ಟಲು ಗೊತ್ತಿರುವ ಕೈಗಳೂ ಕಡಿಮೆ. ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಉಪ್ಪು ನೀರು ತಾಳುವ ಕಗ್ಗ ಭತ್ತ ಬೆಳೆಯುವವರದ್ದೂ ಇದೇ ಕಥೆ. ಹೈಸ್ಕೂಲಿನ ಮಕ್ಕಳನ್ನು ಬಿತ್ತನೆಗೆ ಒಂದು ದಿನ, ಕೊಯ್ಲಿಗೆ ಒಂದು ದಿನ ಕರೆದೊಯ್ದರೆ ಸಾಕಾಗದು, ನಡುವೆ ನೀರು ಏರಿದಾಗಲೂ ಹೋಗಬೇಕು.

ಕೈಕೆಲಸದ ಕೊರತೆ ಎಂದರೆ ಗುಂಪು ಚಿಕ್ಕದಿರಬೇಕು. ಒಂದು ಮಡಕೆಗೆ ನಾಲ್ಕು ಜನ ಸಾಕು. ನಲವತ್ತು ಜನರನ್ನು ಸೇರಿಸಿದರೆ ಅದು ಪ್ರದರ್ಶನ ಆಗುತ್ತದೆ. ಸಾಮಾನಿಗೆ ಸ್ವಲ್ಪ ದುಡ್ಡೂ ಬೇಕು, ನಮಗೆ ಒಂದು ಸಲಕ್ಕೆ ಮುನ್ನೂರು ನಾನ್ನೂರು ರೂಪಾಯಿ ಹಿಡಿಯುತ್ತದೆ.

ಉಳಿದ ಮೂರು, ಚಿಕ್ಕದಾಗಿ

ನೆನಪು ರೆಕಾರ್ಡ್ ಮಾಡುವುದು: ಸೂಪಾ ಅಣೆಕಟ್ಟಿಗೆ ಊರು ಮುಳುಗಿದ್ದನ್ನು ಕಂಡವರು ಜೋಯಿಡಾ ಕಡೆ ಇದ್ದಾರೆ. ಸೀಬರ್ಡ್ ನೌಕಾನೆಲೆಗೆ ಮನೆ ಬಿಟ್ಟು ಬಂದವರು ಕಾರವಾರ-ಅಂಕೋಲಾ ನಡುವೆ ಇದ್ದಾರೆ. ಕಾಲೇಜು ಹುಡುಗರಿಗೆ ಚೆನ್ನಾಗಿ ಒಗ್ಗುತ್ತದೆ, ಒಂದು ಫೋನು ಸಾಕು. ಆದರೆ ಒಂದೇ ದಿನ ಹೋಗಿ ಕೇಳಬೇಡಿ. ಮೊದಲ ಸಲ ಎಲ್ಲರೂ ಪೇಪರಿನವರಿಗೆ ಹೇಳಿದ್ದನ್ನೇ ಹೇಳುತ್ತಾರೆ, ಮೂರನೇ ಸಲ ಅಂಗಳದ ತುಳಸಿಕಟ್ಟೆಯ ವಿಷಯ ಬರುತ್ತದೆ. ರೆಕಾರ್ಡ್ ಮಾಡಿದ್ದರ ಒಂದು ಪ್ರತಿ ಆ ಮನೆಗೆ ಕೊಡಲೇಬೇಕು.

ಮನೆ ಭೇಟಿ: ಹಾಸಿಗೆ ಹಿಡಿದವರಿಗೆ ಬೇರೆ ದಾರಿಯೇ ಇಲ್ಲ. ಇಬ್ಬಿಬ್ಬರು ಹುಡುಗರು, ವಾರಕ್ಕೊಮ್ಮೆ, ಮನೆಯವರಿಗೂ ಹುಡುಗರ ತಂದೆ ತಾಯಿಗೂ ಗೊತ್ತಿರುವ ಹೊತ್ತಿನಲ್ಲಿ. ಯಾವ ಮಗುವನ್ನೂ ಒಬ್ಬಂಟಿಯಾಗಿ ಯಾವ ಮನೆಗೂ ಕಳಿಸಬೇಡಿ. ಎಷ್ಟು ಗುರುತಿನವರಾದರೂ ಈ ನಿಯಮ ಸಡಿಲ ಮಾಡಬೇಡಿ.

ಜೊತೆಗೆ ವಾಸ: ನೆದರ್‌ಲ್ಯಾಂಡ್ಸ್‌ನ ಡೆವೆಂಟರ್‌ನಲ್ಲಿ ಒಂದು ಹಿರಿಯರ ಮನೆ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆ ಇಲ್ಲದೆ ಕೋಣೆ ಕೊಡುತ್ತದೆ. ಬದಲಿಗೆ ತಿಂಗಳಿಗೆ 30 ಗಂಟೆ ಹಿರಿಯರ ಜೊತೆ ಒಳ್ಳೆಯ ನೆರೆಯವರಾಗಿ ಇರಬೇಕು. ಕಾರವಾರದಲ್ಲಿ ಇದಕ್ಕೆ ಅವಕಾಶ ಇದೆ ಅಂತ ನನಗೆ ಅನಿಸುತ್ತದೆ. ಮೆಡಿಕಲ್ ಕಾಲೇಜಿನ ಮಕ್ಕಳು ಕೋಣೆ ಹುಡುಕುತ್ತಿರುತ್ತಾರೆ, ಅದೇ ಊರಿನಲ್ಲಿ ಮೇಲ್ಮಹಡಿ ಖಾಲಿ ಇಟ್ಟುಕೊಂಡ ಒಂಟಿ ಹಿರಿಯರಿದ್ದಾರೆ. ಆದರೆ ಬಾಡಿಗೆ, ಅಡುಗೆಮನೆ, ರಾತ್ರಿ ಎಷ್ಟು ಹೊತ್ತಿಗೆ ಬರಬೇಕು ಅನ್ನುವುದನ್ನೆಲ್ಲ ಮೊದಲೇ ಬರೆದುಕೊಳ್ಳಬೇಕು, ನಡುವೆ ನಿಂತು ಮಾತಾಡುವ ಒಬ್ಬರು ಬೇಕು. ಹೊಸಬರು ಇದರಿಂದ ಶುರು ಮಾಡಬೇಡಿ.

ಹಾಗಾದರೆ ಯಾವುದನ್ನು ಆರಿಸುವುದು

ಘಟ್ಟದ ಮೇಲಿನ ಚಿಕ್ಕ ಊರು, ಮನೆಗಳು ದೂರ ದೂರ, ಹಿರಿಯರೇ ಜಾಸ್ತಿ ಅಂತಾದರೆ ಅಕ್ಟೋಬರ್‌ನಲ್ಲಿ ಮೊಬೈಲ್‌ನಿಂದ ಶುರು ಮಾಡಿ, ಚಳಿಗಾಲಕ್ಕೆ ಅಡಿಕೆ ಮತ್ತು ಆಲೆಮನೆ, ಮಳೆಗಾಲಕ್ಕೆ ತಾಳಮದ್ದಳೆ. ಊರಲ್ಲಿ ಭಾಗವತರು ಇಲ್ಲದಿದ್ದರೆ ತಾಳಮದ್ದಳೆ ಬಿಟ್ಟು ಮಳೆಗಾಲದಲ್ಲಿ ಮನೆ ಭೇಟಿ ಇಟ್ಟುಕೊಳ್ಳಿ.

ಶಿರಸಿ, ಕುಮಟಾದಂಥ ಪೇಟೆಯಲ್ಲಿ ಇದ್ದರೆ ಶಾಲೆಯ ಶನಿವಾರವೇ ಸರಿ. ರಿಕ್ಷಾ ಸಿಗುತ್ತದೆ, ನಿವೃತ್ತರು ಬೇಕಾದಷ್ಟು ಜನ ಇದ್ದಾರೆ, ಬೆಳಿಗ್ಗೆ ವಾಕಿಂಗ್ ಮುಗಿಸಿ ಏನು ಮಾಡುವುದು ಅಂತ ಅವರೇ ಕೇಳುತ್ತಿರುತ್ತಾರೆ. ಕಡಲ ಬದಿಯವರು ಜೂನ್ ಬರುವ ಮೊದಲು ಬಲೆ ಶೆಡ್ಡಿನ ಹಿರಿಯರನ್ನು ಮಾತಾಡಿಸಿ ಇಡಿ. ಹಾಡುವ ಅಜ್ಜಿ ಇರುವ ಕೇರಿಯಲ್ಲಿ ಬೇರೆ ಏನನ್ನೂ ಯೋಚಿಸದೆ ಹಾಡಿನಿಂದಲೇ ಶುರು ಮಾಡಿ.

ಹುಡುಗರು ಕಡಿಮೆ ಇದ್ದರೆ ಹೆದರಬೇಡಿ. ನಮ್ಮಲ್ಲಿ ಮೊದಲ ವಾರ ಬಂದವರು ಮೂವರು. ಮೂವರಿಗೂ ಒಬ್ಬೊಬ್ಬ ಹಿರಿಯರನ್ನು ಹೆಸರು ಹಿಡಿದು ಗೊತ್ತು ಮಾಡಿದೆವು, ಬೇರೆಯವರಿಗೆ ಬದಲಾಯಿಸಲಿಲ್ಲ. ಆ ಮೂವರಲ್ಲಿ ಒಬ್ಬ ಈಗ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾನೆ. ಊರಿಗೆ ಬಂದರೆ ಬ್ಯಾಗು ಇಟ್ಟು ಮೊದಲು ಹೋಗುವುದು ಆ ಅಮ್ಮಮ್ಮನ ಜಗಲಿಗೆ. ಫೋನಿನಲ್ಲಿ ಕಲಿಸುವುದು ಈಗ ಏನೂ ಉಳಿದಿಲ್ಲ. ಅವರು ಕುಡಿಯಲು ಏನು ಬೇಕು ಅಂತ ಆಸರಿಗೆ ಕೇಳುತ್ತಾರೆ, ಇವನು ಮೆಟ್ಟಿಲ ಮೇಲೆ ಕೂರುತ್ತಾನೆ.